ಪಕ್ಕದ ಬಾಗಿಲಿನಿಂದ ಹೋಗುವವರು

ಕೊನೆಯ ಸಾಲಿನ ಆ ಕುಟುಂಬ ಆರಾಧನೆ ಮುಗಿದ ಕೂಡಲೇ ಎಲ್ಲಿಗೆ ಮಾಯವಾಗುತ್ತದೆ ಎಂಬುದು ಸಭಾಪಾಲಕರ ತಲೆ ಕೊರೆಯುತ್ತಿತ್ತು. ವಯಸ್ಸಾದ ತಂದೆ, ಬಟ್ಟೆ ಹೊಲಿಯುವ ಮಗಳು, ವೆಲ್ಡಿಂಗ್ ಮಾಡುವ ಮಗ. ಎಲ್ಲರೂ ‘ಆಮೆನ್’ ಎಂದು ಕಣ್ಣು ಬಿಡುವಷ್ಟರಲ್ಲಿ ಅವರ ಬೆಂಚು ಖಾಲಿ! ಸಭಾಪಾಲಕರಾದರೋ ಪ್ರತಿ ಭಾನುವಾರ ಮುಂಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಕುಲುಕಿ, ನಗುನಗುತ್ತಾ ಮಾತಾಡಿಸಿಯೇ ಕಳಿಸುವವರು. ಜನರನ್ನು ಹಚ್ಚಿಕೊಳ್ಳುವುದು ತಮಗೆ ನೀರು ಕುಡಿದಷ್ಟು ಸಲೀಸು ಎಂದೇ ಅವರು ತಿಳಿದಿದ್ದರು.

“ಯೇಸು ಎಲ್ಲಾ ಥರದ ಜನರ ಜೊತೆ ಹೇಗೆ ಬೆರೀತಿದ್ದ ಅಂತ ಅಷ್ಟು ಹೊತ್ತು ಹೇಳಿದ್ರಿ. ಅವರು ಪಕ್ಕದ ಬಾಗಿಲಿಂದ ಜಾರಿಕೊಂಡ್ರು,” ಅಂದರು ಹೆಂಡತಿ, ಊಟಕ್ಕೆ ಬಡಿಸುತ್ತಾ.

“ಯಾಕಿರಬಹುದು?”

“ನನ್ನನ್ನ ಕೇಳಿದ್ರೆ ಏನು ಬಂತು? ಅವರನ್ನೇ ಹೋಗಿ ಕೇಳಿ.”

ಮಧ್ಯಾಹ್ನವೇ ಹೊರಟರು. ಟೈರ್ ಅಂಗಡಿಯ ಮೇಲಿನ ಮನೆ. ಕಡಿದಾದ ಮೆಟ್ಟಿಲು, ಮೂಲೆಮೂಲೆಯಲ್ಲಿ ಬಣ್ಣಬಣ್ಣದ ನೂಲಿನ ಚೂರು. ಬಾಗಿಲು ತೆರೆದ ಮಗಳ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಇವರನ್ನು ನೋಡಿ ಮುಖ ಬಿಳಿಚಿಕೊಂಡಿತು.

“ನಮ್ಮಿಂದ ಏನಾದ್ರೂ ತಪ್ಪಾಯ್ತಾ, ಅಯ್ಯನವರೇ?”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಏದುಸಿರಿನಲ್ಲಿ ಹಾರಿಹೋಯಿತು. “ಏನೂ ಇಲ್ಲಮ್ಮ. ಮೊದಲು ಒಂದು ಲೋಟ ನೀರು ಕೊಡು.”

ಅವಳ ತಮ್ಮ ಲಗುಬಗೆಯಿಂದ ಕುರ್ಚಿಯ ಮೇಲಿದ್ದ, ಹೊಲಿಯಲು ಬಂದ ಸಮವಸ್ತ್ರದ ಗಂಟನ್ನು ಎತ್ತಿಟ್ಟ. ಸಭಾಪಾಲಕರು ಕೂತು ಗಟಗಟ ಕುಡಿದರು. ಬೈಬಲಿನ ಕತೆಯಲ್ಲಿ, ಬಾವಿಯ ಹತ್ತಿರ ಯೇಸು ಒಬ್ಬ ಪರಕೀಯ ಹೆಂಗಸಿಗೆ ಉಪದೇಶ ಮಾಡುವ ಮುಂಚೆ ಕುಡಿಯಲು ನೀರು ಕೇಳಿದ್ದ. ಬೆಳಗಿನ ಪ್ರಸಂಗದಲ್ಲಿ ಆ ಸಂಗತಿಯನ್ನು ತಾವು ಅವಸರದಲ್ಲಿ ದಾಟಿಬಿಟ್ಟಿದ್ದು ಈಗ ನೆನಪಾಯಿತು.

“ಒಂದು ವಿಷಯ ತಿಳ್ಕೊಳ್ಳೋಣ ಅಂತ ಬಂದೆ. ನೀವು ಪಕ್ಕದ ಬಾಗಿಲಿಂದ ಯಾಕೆ ಹೋಗ್ತೀರಿ?”

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಕೊನೆಗೆ ಅಕ್ಕನೇ ಬಾಯಿಬಿಟ್ಟಳು. “ಬೇಜಾರು ಮಾಡ್ಕೋಬೇಡಿ. ಮುಂಬಾಗಿಲಿಂದ ಹೋದ್ರೆ ನೀವು ನಮ್ಮನ್ನ ‘ಯಾವ ಕಡೆಯವರು?’ ಅಂತ ಕೇಳ್ತೀರಿ. ಹೇಳ್ತೀವಿ. ಮುಂದಿನ ವಾರ ಮತ್ತೆ ಅದನ್ನೇ ಕೇಳ್ತೀರಿ. ನಾನು ಹುಟ್ಟಿದ್ದು ಇದೇ ಊರಿನ ದೊಡ್ಡಾಸ್ಪತ್ರೇಲಿ.”

ಸಭಾಪಾಲಕರ ಕಿವಿ ಬಿಸಿಯಾಯಿತು. ಬೇರೆಯವರನ್ನು ಮಂಡಿನೋವು, ಮಗಳ ಪರೀಕ್ಷೆ ಎಂದೆಲ್ಲ ವಿಚಾರಿಸುತ್ತಿದ್ದರು. ಇವರ ಬಣ್ಣ, ಮಾತಿನ ಧಾಟಿ ಕಂಡೊಡನೆ ನಾಲಿಗೆ ತಾನಾಗಿ ಆ ಪ್ರಶ್ನೆಗೆ ಹೊರಳುತ್ತಿತ್ತು. ಅದನ್ನೇ ಪ್ರೀತಿ ಎಂದುಕೊಂಡಿದ್ದರು.

“ನಾನು ಸರಿಯಾಗಿ ಕೇಳಿಸಿಕೊಂಡೇ ಇಲ್ಲ. ಕ್ಷಮಿಸಿ.”

ಅಷ್ಟರಲ್ಲಿ ಮಂಚದ ಮೇಲಿದ್ದ ತಂದೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಅಂದಹಾಗೆ, ನೀವು ಯಾವ ಕಡೆಯವರು, ಅಯ್ಯನವರೇ?”

“ನಾನಾ? ನಾನು ಬೇರೆ ಊರಿನವನು. ಇಲ್ಲಿಗೆ ಬಂದು ಮೂರು ವರ್ಷ ಆಯ್ತಷ್ಟೆ.”

“ಹಾಗಾದ್ರೆ ಹೊರಗಿನವರು ನೀವೇ ಅನ್ನಿ!”

ಮಗಳು ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಸಭಾಪಾಲಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಾತಿಗೆ ಮಾತು ಬೆಳೆಯಿತು. ಮಗಳಿಗೆ ಹೊಲಿಗೆ ಹೇಳಿಕೊಟ್ಟವರು ಯಾರು, ಮಗನಿಗೆ ಬೆಂಕಿಯ ಕಿಡಿಗೆ ಹೆದರಿಕೆಯಾಗುವುದಿಲ್ಲವೇ ಎಂದೆಲ್ಲ ಸಭಾಪಾಲಕರು ಕೇಳಿದರು. ಅಪ್ಪನ ಮನೆ ಬಿಟ್ಟುಬಂದಾಗ ನೀವು ಅತ್ತಿದ್ದಿರಾ ಎಂದು ತಂದೆ ಸಭಾಪಾಲಕರನ್ನು ಕೇಳಿದರು. ಅತ್ತಿದ್ದು ನಿಜ, ಆದರೆ ಈ ಸಭೆಯಲ್ಲಿ ಅದನ್ನು ಯಾರೂ ಅವರನ್ನು ಕೇಳಿರಲಿಲ್ಲ.

ಮುಂದಿನ ಭಾನುವಾರ ಮೂವರೂ ಮುಂಬಾಗಿಲಿಗೇ ಬಂದರು. ಏನು ಕೇಳಬೇಕೆಂದು ತಿಳಿಯದೆ ಸಭಾಪಾಲಕರು ಒಂದು ಗಳಿಗೆ ತಬ್ಬಿಬ್ಬಾದರು. ಮಗನ ಕಣ್ಣು ಮಾತ್ರ ಬಾಗಿಲ ಮೇಲಿತ್ತು.

“ಈ ಕೀಲು ಸವೆದುಹೋಗಿದೆ. ಬಾಗಿಲು ನೆಲಕ್ಕೆ ಉಜ್ಜುತ್ತೆ. ಬುಧವಾರ ಬಂದು ಸರಿಮಾಡ್ಲಾ?”

“ಮೊದಲೇ ಹೇಳಬಾರದಿತ್ತಾ ಮಾರಾಯ?”

“ನೆಂಟರ ಥರ ಬಂದು ಹೋಗ್ತಿದ್ನಲ್ಲ, ಹೆಂಗೆ ಹೇಳ್ಲಿ?”

ಬುಧವಾರ ಅವನು ಕೀಲು ಬಿಚ್ಚಿದ. ಆ ಭಾರದ ಬಾಗಿಲನ್ನು ಬೆವರು ಸುರಿಸುತ್ತಾ ಹಿಡಿದು ನಿಂತವರು ಸಭಾಪಾಲಕರು. “ಇನ್ನೂ ಮೇಲೆತ್ತಿ, ಅಯ್ಯನವರೇ!” ಎಂದು ಅವನು ಗದರುತ್ತಲೇ ಇದ್ದ.