ಹೆಬ್ಬೆರಳಿನ ಭಾರ

ಸೋಪಿನ ಪುಡಿ ಕಟ್ಟುವ ಕಾರ್ಖಾನೆಯಲ್ಲಿ ಅವಳಿಗೆ ತಕ್ಕಡಿ ಅಂತಲೇ ಹೆಸರು. ಪೊಟ್ಟಣ ಕೈಗೆ ಬಂದರೆ ಸಾಕು, ಹತ್ತು ಗ್ರಾಂ ಕಡಿಮೆಯಿದ್ದರೂ ಹೇಳಿಬಿಡುತ್ತಿದ್ದಳು. ಹಾಗಾಗಿ ಮಗಳು ಸೊರಗುತ್ತಿದ್ದಾಳೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹನ್ನೊಂದು ತಿಂಗಳ ಕೂಸು ದಿನದಿನಕ್ಕೆ ತೋಳಲ್ಲಿ ಹಗುರಾಗುತ್ತಿತ್ತು, ಹೊಟ್ಟೆಯೊಳಗಿನದು ಭಾರವಾಗುತ್ತಿತ್ತು.

ಒಳಗಿನದನ್ನು ಅವಳು ಬಯಸಿರಲಿಲ್ಲ. "ಮೊಲೆಯೂಡ್ಸೋವರೆಗೂ ಬಸಿರು ನಿಲ್ಲಲ್ಲ ಕಣೇ, ನಾಲ್ಕು ಹೆತ್ತೋಳು ಹೇಳ್ತಿದೀನಿ" ಎಂದು ಅತ್ತೆ ಆಣೆಯಿಟ್ಟಂತೆ ಹೇಳಿದ್ದಳು. ಹಗಲೆಲ್ಲ ಕಾರ್ಖಾನೆ, ಕೂಸಿಗೆ ಬಾಟಲಿ, ಮೊಲೆ ಸಂಜೆ ಮೇಲೆ ಮಾತ್ರ. ಆದರೂ ನಂಬಿದಳು. ಎರಡನೇ ತಿಂಗಳಲ್ಲೇ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ನಿಂತು ಬೇಡವೆಂದಳು. "ಗಂಡನ ಸಹಿ ಹಾಕಿಸ್ಕೊಂಡು ಬಾಮ್ಮ." ಲಾರಿಯಿಂದ ಇಳಿದು ಬಂದ ಗಂಡ, "ಅದು ನನ್ನ ರಕ್ತ" ಎಂದು ಮಗ್ಗುಲು ಬದಲಿಸಿದ. ಹೆರುವವಳ ಸಹಿ ಯಾರಿಗೂ ಬೇಕಿರಲಿಲ್ಲ. ಅದಾದ ಮೇಲೆ ಎದೆಹಾಲು ಬತ್ತಿತು. ಈಗ ಐದು ತಿಂಗಳು.

ಆರೋಗ್ಯ ಕೇಂದ್ರದ ಸಾಲಿನಲ್ಲಿ ಅತ್ತೆ ಕಿವಿಗೆ ಬಾಯಿಟ್ಟಳು. "ತೂಕ ಕಮ್ಮಿ ಬಂದ್ರೆ ವಾರ್ಡಿಗೆ ಹಾಕ್ತಾರೆ. ತಾಯಿ-ಮಗು ಹದಿನಾಲ್ಕು ದಿನ. ಮೂರು ದಿನ ಕೆಲಸ ತಪ್ಪಿದ್ರೇ ಕಾರ್ಖಾನೇಲಿ ನಿನ್ನ ಹೆಸರು ಹೊಡೆದುಹಾಕ್ತಾರೆ. ಆಮೇಲೆ ಎಲ್ಲರೂ ಗಾಳಿ ಕುಡಿಯೋಣ್ವಾ?"

ಬಸುರಿಯನ್ನು ಹೊಸದಾಗಿ ಯಾವ ಕಾರ್ಖಾನೆಯೂ ಸೇರಿಸಿಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಸಿಸ್ಟರ್ ಕೂಸನ್ನು ತಟ್ಟೆಯ ಮೇಲೆ ಮಲಗಿಸಿದರು. ಕಾರ್ಖಾನೆಯಲ್ಲಿ ತಪಾಸಣೆಯವರು ಬಂದ ದಿನ ಮೇಲ್ವಿಚಾರಕ ಒಂದು ವಿದ್ಯೆ ಕಲಿಸಿದ್ದ: ತಟ್ಟೆಯಂಚಿಗೆ ಹೆಬ್ಬೆರಳು ತಾಗಿಸಿದರೆ ಸಾಕು, ಕಳ್ಳತೂಕವೂ ಸಾಚಾ ಆಗುತ್ತದೆ. ಬಟ್ಟೆ ಸರಿಪಡಿಸುವವಳಂತೆ ಅವಳು ಬಾಗಿ, ಹೆಬ್ಬೆರಳು ಒತ್ತಿದಳು. ಮುಳ್ಳು ಏಳು ಕಿಲೋ ಗೆರೆ ಮುಟ್ಟಿತು.

"ಏಳು. ಅಂತೂ ಪಾಸು" ಎಂದ ಸಿಸ್ಟರ್ ಕೂಸಿನ ಮುಖದ ಮುಂದೆ ಬೀಗದ ಕೈ ಗೊಂಚಲು ಆಡಿಸಿದರು. "ಏನ್ ದೊರೆಸಾನಿ, ಹಿಡ್ಕೋ ನೋಡೋಣ."

ಕೂಸು ನೋಡಿತು. ಕೈ ಎತ್ತಲಿಲ್ಲ.

"ಕೂರ್ತಾಳಾ?"

"ಒರಗಿಸಿದ್ರೆ."

"ಅಳ್ತಾಳಾ?"

"ಬಂಗಾರದಂಥ ಮಗು, ಅಳೋದೇ ಇಲ್ಲ" ಎಂದಳು ಅತ್ತೆ.

ಅಳುವುದಕ್ಕೂ ಕಸುವು ಬೇಕು. ಸಿಸ್ಟರ್ ಪೆನ್ನಿನ ಮುಚ್ಚಳ ತೆಗೆದರು. ಕಾರ್ಡಿನಲ್ಲಿ ಏಳು ಬಿದ್ದರೆ ಮುಂದಿನ ತಿಂಗಳವರೆಗೆ ಯಾರೂ ಕೇಳುವುದಿಲ್ಲ. ಅಷ್ಟು ದಿನ ಈ ಮಗು ಉಳಿಯುವುದಿಲ್ಲವೆಂದು ಅವಳ ಕೈಗೆ ಗೊತ್ತಿತ್ತು.

"ಅಕ್ಕಾ, ಬರೀಬೇಡಿ. ಇನ್ನೊಂದ್ಸಲ ನೋಡಿ."

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು. ಮುಳ್ಳು ಆರಕ್ಕಿಂತ ಕೆಳಗಿಳಿಯಿತು.

"ಮನೆಹಾಳಿ!" ಎಂದಳು ಅತ್ತೆ. "ಅನ್ನದ ತಟ್ಟೆಗೆ ಒದ್ಯಲ್ಲೇ!"

"ಸ್ವಲ್ಪ ಆಚೆ ಇರಿ ಅಜ್ಜಿ" ಎಂದ ಸಿಸ್ಟರ್ ಕೂಸಿನ ತಾಯಿಯ ಹೊಟ್ಟೆಯತ್ತ ನೋಡಿ ದನಿ ತಗ್ಗಿಸಿದರು. "ಎಷ್ಟು ತಿಂಗಳು?"

"ಐದು. ತೆಗೀರಿ ಅಂತ ಎರಡರಲ್ಲೇ ಬಂದಿದ್ದೆ. ಸಹಿ ಇಲ್ಲ ಅಂತ ಕಳಿಸಿದ್ರಿ."

"ಕಾನೂನಲ್ಲಿ ಗಂಡನ ಸಹಿ ಬೇಕಿಲ್ಲಮ್ಮ."

"ಮತ್ತೆ ಯಾಕೆ ಕೇಳಿದ್ರಿ?"

ಸಿಸ್ಟರ್ ವಾರ್ಡಿಗೆ ಚೀಟಿ ಬರೆದರು.

ವಾರ್ಡಿನಲ್ಲಿ ಒಂದೇ ಕಬ್ಬಿಣದ ಮಂಚ ಖಾಲಿಯಿತ್ತು, ಗೋಡೆಗೆ ಅಂಟಿಕೊಂಡಂತೆ. ಹೊರಗೆ ಅತ್ತೆ ಫೋನಿನಲ್ಲಿ ಮಗನಿಗೆ ದೂರು ಒಪ್ಪಿಸುತ್ತಿದ್ದಳು: "ಬಾರೋ, ನೀನೇ ಬಂದು ಎಳ್ಕೊಂಡು ಹೋಗು." ಒಳಗೆ ಅವಳು ಮಂಚ ಹತ್ತಿ, ಬಾಗಿಲಿಗೆ ಬೆನ್ನು ಮಾಡಿ ಕೂತು, ಕೂಸಿನ ತುಟಿಗೆ ಹಾಲಿನ ಚಮಚ ತಾಗಿಸಿದಳು. ಮೊದಲನೆಯದು ಕಟವಾಯಿಯಿಂದ ಇಳಿದುಹೋಯಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಗಂಟಲು ಅಲುಗಿತು.

ಕಾರಿಡಾರಿನಲ್ಲಿ ಅತ್ತೆಯ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ಅವಳು ತಿರುಗಿ ನೋಡದೆ ನಾಲ್ಕನೆಯದನ್ನು ತುಂಬಿದಳು.