ಅಸಲಿ ಗುರುತಿನ ಕ್ಯಾಮೆರಾ

ಮಧ್ಯಾಹ್ನಕ್ಕೇ ಅವಳ ಕಣ್ಣುಗಳು ಉರಿಯತೊಡಗಿದ್ದವು. ಗಂಡ ತೀರಿಕೊಂಡ ಮೇಲೆ ಹಳೇ ಕ್ಯಾಮೆರಾಗಳ ಅಂಗಡಿ ಅವಳ ಹೆಗಲಿಗೆ ಬಿದ್ದಿತ್ತು. ರಿಪೇರಿಗಿಂತ ಈಗ ಬೆಲೆ ಕಟ್ಟಿಸಿಕೊಳ್ಳಲು ಬರುವವರೇ ಹೆಚ್ಚು. ಸಾದಾ ರೀಲ್ ಕ್ಯಾಮೆರಾದ ನೆತ್ತಿಯ ಮೇಲೆ ಸೇನೆಯ ಮುದ್ರೆ ಇದ್ದರೆ ಅದರ ಬೆಲೆಯೇ ಬೇರೆ. ಹಾಗಾಗಿ ಸುಳ್ಳು ಮುದ್ರೆ ಕೆತ್ತುವವರಿಗೆ ಬರವಿಲ್ಲ, ನಂಬುವವರಿಗೂ ಬರವಿಲ್ಲ. "ನಮ್ಮ ತಾತ ಯುದ್ಧದಲ್ಲಿ ಹಿಡ್ಕೊಂಡಿದ್ದು" ಎಂದು ಕಣ್ಣರಳಿಸುವವರಿಗೆ "ಇದು ನಕಲಿ" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕೆಲವರು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಕೆಲವರು ಅವಳೇ ತಮ್ಮ ತಾತನನ್ನು ಕಸಿದುಕೊಂಡಳೆಂಬಂತೆ ಜಗಳಕ್ಕೆ ನಿಲ್ಲುತ್ತಿದ್ದರು.

ಆ ಮಾತು ಕೇಳಿ ಖುಷಿಯಾಗಿ ಹೋಗುತ್ತಿದ್ದವರು ಒಬ್ಬರೇ. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಕಡಿಮೆ ಮಾತು. ಹಳೇ ಸಾಮಾನಿನ ಸಂತೆಯಲ್ಲಿ ಸೇನೆಯ ಮುದ್ರೆಯ ಕ್ಯಾಮೆರಾ ಕಂಡರೆ ಕೊಂಡು ತರುವರು. ಅವಳು ಭೂತಗನ್ನಡಿ ಇಟ್ಟು ನೋಡಿ "ನಕಲಿ" ಎಂದರೆ, "ಸದ್ಯ" ಎಂದು ಚೀಲಕ್ಕೆ ಹಾಕಿಕೊಂಡು ಹೊರಡುವರು. ಗಲ್ಲಾದ ಮೇಲೆ ಕೂರುವ ನಾದಿನಿ ಅವರಿಗೆ 'ನಕಲಿ ಯಜಮಾನರು' ಎಂದೇ ಹೆಸರಿಟ್ಟಿದ್ದಳು. ಪೆಟ್ಟು ಬಿದ್ದರೂ ತೋರಿಸಿಕೊಳ್ಳದ ಮನುಷ್ಯ ಇರಬೇಕೆಂದು ಇವಳು ಅಂದುಕೊಂಡಿದ್ದಳು.

ಅಂದು ಅವರು ತಂದದ್ದು ಬಣ್ಣದ ಕಾಗದದಲ್ಲಿ ಸುತ್ತಿದ ಪೆಟ್ಟಿಗೆ.

"ಅಳಿಯ ಕೊಟ್ಟಿದ್ದು. ಒಂದ್ಸಲ ನೋಡಮ್ಮ."

ಅವಳು ಒಳಗಿದ್ದ ಕ್ಯಾಮೆರಾ ತೆಗೆದು ಮುದ್ರೆ ನೋಡಿದಳು. ನಕಲಿಗಳಲ್ಲಿ ಸುತ್ತಲಿನ ಲೋಹ ಸವೆದಿದ್ದರೂ ಅಕ್ಷರ ಮಾತ್ರ ಹೊಸದಾಗಿ ಚೂಪಾಗಿರುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಸವೆದಿದ್ದವು. ಕ್ಯಾಮೆರಾದ ಹಿಂಬದಿಯ ಮುಚ್ಚಳ ಬಿಚ್ಚಿದಳು, ಮುದ್ರೆಯ ಪಕ್ಕದಲ್ಲಿದ್ದ ನಂಬರೇ ಒಳಗೂ ಇತ್ತು.

"ಕೊನೆಗೂ ಸಿಕ್ತಲ್ಲ ಯಜಮಾನ್ರೇ. ಇದು ಅಸಲಿ."

ಅವರು ಸ್ಟೂಲು ಎಳೆದುಕೊಂಡು ಕುಳಿತರು. ಮುಖ ಬಿಳಿಚಿಕೊಂಡಿತ್ತು. ನಾದಿನಿ ನೀರು ತಂದುಕೊಟ್ಟಳು.

"ಕೈಗೆತ್ತಿಕೊಂಡಾಗ್ಲೇ ಗೊತ್ತಾಯ್ತು. ಆದ್ರೂ ನಿನ್ನ ಬಾಯಲ್ಲಿ ಬೇರೇನಾದ್ರೂ ಬರಬಹುದು ಅಂತ ಬಂದೆ," ಎಂದರು. "ಆ ಮುದ್ರೆ ಉಜ್ಜಿ ತೆಗೆದುಬಿಡು."

"ತೆಗೆದ್ರೆ ಇದಕ್ಕೆ ಮೂರು ಕಾಸಿನ ಬೆಲೆ ಇರಲ್ಲ."

"ಇಲ್ದೆ ಇರ್ಲಿ."

ಅವಳು ಭೂತಗನ್ನಡಿ ಕೆಳಗಿಟ್ಟಳು. ಅವರು ಲೋಟ ನೋಡುತ್ತಲೇ ಹೇಳಿದರು. ಸೇನೆಯಲ್ಲಿ ಅವರದು ಫೋಟೋ ತೆಗೆಯುವ ಕೆಲಸ. ಕಾಳಗದ್ದಲ್ಲ, ಮೆರವಣಿಗೆಯದ್ದೂ ಅಲ್ಲ. ಸತ್ತವರ ಮುಖದ್ದು, ಮನೆಯವರು ಗುರುತು ಹಿಡಿಯಲೆಂದು. ಒಬ್ಬೊಬ್ಬರ ಮುಖ ಒರೆಸಿ, ತಲೆ ನೇರ ಮಾಡಿ, ಕ್ಲಿಕ್.

"ಮತ್ತೆ ಇಷ್ಟು ದಿನ ಇವನ್ನೇ ಯಾಕೆ ಕೂಡಿಹಾಕ್ತಿದ್ರಿ?"

"ಮುದ್ರೆ ಕಂಡ್ರೆ ಕೈ ಕೇಳುತ್ತಮ್ಮ. ಅದೇ ತೂಕ, ಅದೇ ಗುಂಡಿ. ನಕಲಿ ಅಂದ್ರೆ ಯಾರೋ ಮನೆಯವರು ಇಟ್ಟುಕೊಂಡಿದ್ದು. ಅದರಲ್ಲಿ ಮದುವೆ ತೆಗೆದಿರ್ತಾರೆ, ಮಗು ಅಂಬೆಗಾಲಿಡೋದು ತೆಗೆದಿರ್ತಾರೆ. ಶೆಲ್ಫ್ ಮೇಲಿದ್ರೂ ನಿದ್ದೆ ಬರುತ್ತೆ. ಇದು ಬಂದಾಗಿಂದ ಬರ್ತಿಲ್ಲ."

ಅಸಲಿ ಮುದ್ರೆಯನ್ನು ಉಜ್ಜಲು ಅವಳಿಗೆ ಕೈ ಬಾರದು. ಈ ಮನುಷ್ಯನ ಕೈಗೆ ಮತ್ತೆ ಅದನ್ನೇ ಕೊಟ್ಟು ಕಳಿಸಲೂ ಮನಸ್ಸಾಗದು. ಎದ್ದು ಹಿಂದಿನ ಬೀರುವಿನಿಂದ ಅದೇ ಮಾದರಿಯ ಇನ್ನೊಂದನ್ನು ತಂದಿಟ್ಟಳು. ಮುದ್ರೆ ಎಷ್ಟು ಒರಟಾಗಿತ್ತೆಂದರೆ, ಕೆತ್ತಿದವನಿಗೆ ಅಕ್ಷರವೇ ಬರುತ್ತಿರಲಿಲ್ಲವೇನೋ.

"ಇದು ತಗೊಂಡು ಹೋಗಿ. ಅಳಿಯಂದ್ರಿಗೆ ವ್ಯತ್ಯಾಸ ಗೊತ್ತಾಗಲ್ಲ. ಅದನ್ನ ನಾನು ಮಾರಿ ದುಡ್ಡು ನಿಮಗೆ ಮುಟ್ಟಿಸ್ತೀನಿ."

"ಸುಳ್ಳು ಹೇಳಿದ ಹಾಗಾಗಲ್ವೇ ಅವನಿಗೆ?"

"ಆಗುತ್ತೆ. ನಿದ್ದೆ ಮಾಡಿ ಎದ್ದ ಮೇಲೆ ಹೇಳಿ, ಕೇಳಿದ್ರೆ."

ಅವರು ಆ ಕ್ಯಾಮೆರಾವನ್ನು ಮಗ್ಗುಲು ಮಗ್ಗುಲಾಗಿ ತಿರುಗಿಸಿ, ಕಣ್ಣಿಗೆ ಹಿಡಿದು, ಲೆನ್ಸನ್ನು ಅವಳ ಕಡೆಗೆ ತಿರುಗಿಸಿದರು. "ಸ್ವಲ್ಪ ಬೆಳಕಿನ ಕಡೆ ನೋಡಮ್ಮ."

"ಅದರಲ್ಲಿ ರೀಲ್ ಇಲ್ಲ ಯಜಮಾನ್ರೇ."

"ಗೊತ್ತು."

ಮುಂಗುರುಳು ಸರಿಮಾಡಿಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. ಹಾಗೇ ಕಿಟಕಿಯತ್ತ ಮುಖ ಮಾಡಿದಳು. ಅವರು ಗುಂಡಿ ಒತ್ತಿದರು.