ಖಾಲಿ ಡಬ್ಬಿ ಕೊಡಬಾರದು

ಒಂದಾನೊಂದು ಊರಿನಲ್ಲಿ ಎಣ್ಣೆ ಕುಡಿಯುವ ರಾಕ್ಷಸನಿದ್ದನಂತೆ. ಎಷ್ಟು ಕುಡಿದೆ ಎಂದು ಕೇಳಿದರೆ ಬಾಯಿ ಸುಳ್ಳು ಹೇಳುತ್ತಿತ್ತು, ಮೂಗಿನ ಹೊಗೆ ಮಾತ್ರ ನಿಜ ಹೇಳುತ್ತಿತ್ತು. ಅಜ್ಜಿ ಉಚ್ಚಂಗೆವ್ವನ ಈ ಕತೆ ಕೇಳುತ್ತ ಬೆಳೆದ ಹಾವೇರಿಯ ಮಹೇಶ್ವರಿ, ಇಂಜಿನಿಯರಿಂಗಿನ ಕೊನೆಯ ವರ್ಷ ಅಂಥದೇ ರಾಕ್ಷಸನನ್ನು ಅಳೆಯಲು ಹೊರಟಳು. 2007ನೇ ಇಸವಿ. ರಾಕ್ಷಸನೆಂದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಿದ್ದಲಿಂಗಪ್ಪನ ಲಾರಿ.

ಲಾರಿ ಚೀಲ ಹೊತ್ತು ರಾಣೆಬೆನ್ನೂರಿಗೆ ಹೋಗುವಾಗ, ಟ್ಯಾಂಕಿನ ಬದಲು ಕಾಲೇಜಿನಿಂದ ತಂದ, ಗೆರೆ ಎಳೆದ ಡಬ್ಬಿಯಿಂದ ಇಂಜಿನ್ನಿಗೆ ಡೀಸೆಲ್ ಕೊಡಬೇಕು. ಊರು ಮುಟ್ಟಿದ ಮೇಲೆ ಎಷ್ಟು ಗೆರೆ ಇಳಿಯಿತೆಂದು ನೋಡಬೇಕು. ಸೈಲೆನ್ಸರಿಗೆ ಸಿಕ್ಕಿಸಿದ ನಳಿಕೆ ಹೊಗೆಯ ಅಂಕಿಯನ್ನು ಅವಳ ಮಡಿಲಿನ ಯಂತ್ರದಲ್ಲಿ ತೋರಿಸುತ್ತಿತ್ತು.

ರಾಣೆಬೆನ್ನೂರಿನಲ್ಲಿ ಇಳಿದವಳು ಗೆರೆ ನೋಡುವ ಮೊದಲೇ ಕೈ ತೊಳೆಯಲು ನಳಕ್ಕೆ ಹೋದಳು. ನೀರಿನ ಮೇಲೆ ಡೀಸೆಲ್ಲಿನ ಕಾಮನಬಿಲ್ಲು ಬಿಚ್ಚಿಕೊಂಡಿತು, ನೋಡುತ್ತ ನಿಂತೇಬಿಟ್ಟಳು. ಬರುವಷ್ಟರಲ್ಲಿ ಡ್ರೈವರ್ ಫಕ್ಕೀರಸಾಬ ಡಬ್ಬಿ ಒರೆಸಿ, ಟ್ಯಾಂಕಿನಿಂದ ಒಂದಿಷ್ಟು ಡೀಸೆಲ್ ಸುರಿದಿಟ್ಟಿದ್ದ.

“ಅಯ್ಯ, ಯಾಕ ಹಾಕಿದ್ರಿ ಕಾಕಾ?”

“ತಳಾ ಕಂಡಿತ್ತು ಯವ್ವಾ. ಮಂದಿ ಡಬ್ಬಿ ಖಾಲಿ ಕೊಡಬಾರ್ದು. ನಿಮ್ಮಜ್ಜಿ ಕಲಿಸಿಲ್ಲೇನು?”

ಕಲಿಸಿದ್ದಳು. ಹೋಳಿಗೆ ತುಂಬಿ ಬಂದ ಡಬ್ಬಿಗೆ ಹಿಡಿ ಸಕ್ಕರೆಯನ್ನಾದರೂ ಹಾಕಿ ಹಿಂದಿರುಗಿಸುವ ಮನೆ ಅವಳದು. ಎಷ್ಟು ಸುರಿದದ್ದೆಂದು ಅವನಿಗೂ ನೆನಪಿರಲಿಲ್ಲ. ಮರುದಿನವೇ ಕಾಲೇಜಿಗೂ ಸಿದ್ದಲಿಂಗಪ್ಪನಿಗೂ ವರದಿ ಕೊಡಬೇಕಿತ್ತು. ಕಂಡ ಗೆರೆಯನ್ನೇ ಬರೆದಳು: ಲೀಟರಿಗೆ ಐದೂವರೆ ಕಿಲೋಮೀಟರ್. ಇಷ್ಟು ಹೊಗೆಗೆ ಇಷ್ಟೇ ಡೀಸೆಲ್ಲೇ ಎಂದು ಯಂತ್ರದ ಅಂಕಿ ಚುಚ್ಚಿತು. ಪುಟ ಮಗುಚಿದಳು.

ತಿಂಗಳ ಮೇಲೆ ಬ್ಯಾಡಗಿ ಪೇಟೆಗೆ ಹೋದಾಗ ಫಕ್ಕೀರಸಾಬ ಮೂಲೆಯಲ್ಲಿ ಕೂತು ಚೀಲ ಹೊಲಿಯುತ್ತಿದ್ದ.

“ಗಾಡಿ ಬಿಟ್ರೇನು ಕಾಕಾ?”

“ಬಿಡಿಸಿದ್ರು. ನಿನ್ನ ಕಾಗದಾ ಐದೂವರಿ ಅಂತೈತಿ, ಗಾಡಿ ನಾಕ ಅಂತೈತಿ. ನಡುವಿನ ಎಣ್ಣಿ ನಾ ಕುಡದೇನಂತ!” ನಗಲು ಹೋಗಿ ಕೆಮ್ಮಿದ. “ಇರ್ಲಿ ಬಿಡು. ಕಾಲೇಜಿನ ಮಶೀನು ಸುಳ್ಳ ಹೇಳತೈತೇನು?”

ತಾನು ಸುರಿದ ಎಣ್ಣೆಯೇ ತನ್ನನ್ನು ಕಳ್ಳನನ್ನಾಗಿಸಿತೆಂದು ಅವನಿಗೆ ಹೊಳೆದಿರಲಿಲ್ಲ. ಪೇಟೆಯ ಮೆಣಸಿನಕಾಯಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಅವಳ ಕಣ್ಣೀರನ್ನು ಯಾರೂ ಬೇರೆ ಮಾಡಿ ನೋಡಲಿಲ್ಲ.

“ಮಶೀನಲ್ಲ ಕಾಕಾ, ಸುಳ್ಳ ಬರದಾಕಿ ನಾನು. ಮತ್ತೊಮ್ಮೆ ಅಳೀತೇನಿ, ಮಾತ ಕೊಟ್ಟೇನಿ.”

ನಡೆದದ್ದನ್ನು ಅವಳು ಹೋಗಿ ಹೇಳಿದಾಗ ಸಿದ್ದಲಿಂಗಪ್ಪ ಸಿಡಿದ. “ಊರ ಮುಂದ ಅವಗ ಕಳ್ಳ ಅಂದೇನಿ, ತಂಗಿ! ಈಗ ಬಂದು ಹೇಳ್ತೀಯಲ್ಲ?”

“ನೀವೂ ಬರ್ರಿ ಸಾವ್ಕಾರ್ರ. ನಿಮ್ಮ ಕಣ್ಣೀಲೆ ನೋಡ್ರಿ.”

ಕಾಲೇಜಿನಲ್ಲೂ ತಪ್ಪು ಒಪ್ಪಿಕೊಂಡಳು. ಯಂತ್ರ ಮತ್ತೆ ಕೈಗೆ ಬರಲು ಹದಿನೆಂಟು ದಿನ ಹಿಡಿಯಿತು. ಆ ದಿನಗಳಲ್ಲಿ ಅಜ್ಜಿ ಕತೆ ತೆಗೆದರೆ ಎದ್ದು ಹೋಗುತ್ತಿದ್ದಳು.

ಅದೇ ಲಾರಿ, ಅಷ್ಟೇ ಚೀಲ, ಅದೇ ದಾರಿ. ಸ್ಟೇರಿಂಗು ಫಕ್ಕೀರಸಾಬನ ಕೈಯಲ್ಲಿ. ಏರಿನಲ್ಲಿ ಹೊಗೆಯ ಅಂಕಿ ಹಿಂದಿನಷ್ಟೇ ಜಿಗಿಯಿತು. ರಾಣೆಬೆನ್ನೂರಿನಲ್ಲಿ ಮಹೇಶ್ವರಿ ಕೈ ತೊಳೆಯಲಿಲ್ಲ. ಫಕ್ಕೀರಸಾಬ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಸಿದ್ದಲಿಂಗಪ್ಪ ಚಾಳೀಸು ಮೂಗಿಗೇರಿಸಿ, ಬಗ್ಗಿ, ಗೆರೆಗಳನ್ನು ಬೆರಳಿಟ್ಟು ಎಣಿಸಿದ.

ಲೀಟರಿಗೆ ನಾಲ್ಕೂ ತುಂಬಲಿಲ್ಲ.

“ಚಾವಿ ನಿನ್ನ ಹಂತೇಕ ಇರ್ಲಿ, ಸಾಬಾ,” ಎಂದ ಸಿದ್ದಲಿಂಗಪ್ಪ, ಮುಖ ಎತ್ತದೆ. “ಪೇಟ್ಯಾಗ ನಾನ ಹೇಳ್ತೇನಿ.”

ಫಕ್ಕೀರಸಾಬ ಡಬ್ಬಿಯ ತಳ ನೋಡಿದ, ಅವಳ ಮುಖ ನೋಡಿದ. “ಈಗರ ಹಾಕ್ಲೇನವ್ವಾ?”

ಮಹೇಶ್ವರಿ ಅಂಕಿ ಬರೆದು, ಕೆಳಗೆ ಹೆಸರು ಬರೆದು, ಪೆನ್ನು ಮುಚ್ಚಿದಳು.

“ಬರಕೊಂಡೆ ಕಾಕಾ. ಈಗ ಹಾಕ್ರಿ.”